ಬಡ್ಡಿಯ ವಹಿ ಬಿಚ್ಚಿದ ಲೆಂಟ್ ಕಾಲ

2017ರ ಮಾರ್ಚ್ 5, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಮೊದಲ ರವಿವಾರ. ಗದಗಿಗೆ ಹೊಂದಿಕೊಂಡ ಬೆಟಗೇರಿಯ ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ರವಿವಾರ ಪ್ರಭುಭೋಜನದ ಆರಾಧನೆ ಇರುತ್ತದೆ. ನಾನು ಮುಂದೆ ಹೋಗಿ ಮೊಣಕಾಲೂರಿದ್ದೆ. ನನ್ನ ಪಕ್ಕದ ಜಾಗ ಖಾಲಿ ಇತ್ತು. ಸಾಲಿನಲ್ಲಿ ಮುಂದಿನವಳಾಗಿ ಬರಬೇಕಿದ್ದ, ನಾವು ಆಯಿ ಎಂದು ಕರೆಯುವ ನಮ್ಮ ಚರ್ಚಿನ ಮುದುಕಿ ನನ್ನನ್ನು ನೋಡಿದವಳೇ ಹೆಜ್ಜೆ ಹಿಂದಿಟ್ಟಳು. ಕಂಬದ ಮರೆಗೆ ಸರಿದು ನಿಂತು, ಸೆರಗು ತಲೆ ಮೇಲೆ ಎಳೆದುಕೊಂಡಳು. ಆವತ್ತು ಅವಳು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲೇ ಇಲ್ಲ.

ಪ್ರತಿ ತಿಂಗಳ 5ನೇ ತಾರೀಖು ನನ್ನ ಬಡ್ಡಿ ವಸೂಲಿಯ ದಿನವೂ ಆಗಿತ್ತು.

ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಸಿಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಸೆರಗಿನ ಗಂಟು ಬಿಚ್ಚಿದಳು. "ಹದಿನಾಲ್ಕು ನೂರು ಅದಾವಪ್ಪಾ. ಉಳಿದ ಆರುನೂರು ಬುಧವಾರ ಕೊಡ್ತೀನಿ. ಅದಕ್ಕ ಮುಂದ ಬರಲಿಲ್ಲ. ನಿನ್ನ ಬಡ್ಡಿ ಬಾಕಿ ಇಟಗೊಂಡು ನಿನ್ನ ಮಗ್ಗಲಕ ಹ್ಯಾಂಗ ಮೊಣಕಾಲೂರ್ಲಿ?"

ಆ ಹದಿನಾಲ್ಕು ನೂರನ್ನು ನಾನು ತೆಗೆದುಕೊಂಡೆ. ಎಣಿಸಿ ಜೇಬಿಗೆ ಹಾಕಿದೆ. ಕ್ರಿಸ್ತನು ನನ್ನನ್ನು ಮುಟ್ಟಿದ ದಿನ ಅದು ಎಂದು ಈಗ ಹೇಳುತ್ತೇನೆ. ಆದರೆ ಆ ದಿನ ಮಧ್ಯಾಹ್ನದವರೆಗೂ ನನ್ನ ಕೈ ಹಳೆಯ ಕೈಯೇ ಆಗಿತ್ತು.

ನಾನು ಮತ ಬದಲಿಸಿ ಕ್ರೈಸ್ತನಾದವನಲ್ಲ. ಬಾಸೆಲ್ ಮಿಶನ್ನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದ ಮನೆತನ ನಮ್ಮದು. ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಹೇಳಿ ಬಹುಮಾನ ಪಡೆದಿದ್ದೆ, ಸಭೆಯ ಕಮಿಟಿಯಲ್ಲೂ ಇದ್ದೆ. ಹೊಟ್ಟೆಪಾಡಿಗೆ ನೂಲಿನ ಅಂಗಡಿಯಲ್ಲಿ ಗುಮಾಸ್ತಿಕೆ. ಯಾವ ನೇಕಾರನ ಮನೆಯಲ್ಲಿ ಯಾವಾಗ ಕಷ್ಟ ಎಂಬುದು ಅಂಗಡಿಯ ಕಟ್ಟೆಯ ಮೇಲೆ ಕೂತಲ್ಲೇ ಗೊತ್ತಾಗುತ್ತಿತ್ತು. ಅಪ್ಪ ತೀರಿಕೊಂಡಾಗ ಬಂದ ಅರವತ್ತು ಸಾವಿರವನ್ನು ಹಾಗೆ ಗೊತ್ತಾದವರಿಗೆಲ್ಲ ಕೈಗಡ ಕೊಡತೊಡಗಿದೆ. ತಿಂಗಳಿಗೆ ನೂರಕ್ಕೆ ಹತ್ತು. ಮೊದಲ ತಿಂಗಳ ಬಡ್ಡಿ ಮುಂಗಡವಾಗಿ ಮುರಿದುಕೊಂಡೇ ಕೊಡುವುದು. ಅಡಮಾನಕ್ಕೆ ಖಾಲಿ ಚೆಕ್ಕು, ಸಹಿ ಮಾಡಿದ ಬಾಂಡ್ ಪೇಪರು, ಗಾಡಿಯ ಆರ್‌ಸಿ, ಪಿನ್ ನಂಬರಿನ ಸಮೇತ ಎಟಿಎಂ ಕಾರ್ಡು, ಏನೂ ಇಲ್ಲದವರದು ರೇಷನ್ ಕಾರ್ಡು. 2016ರ ನವೆಂಬರ್ 8ಕ್ಕೆ ನೋಟು ರದ್ದಾದಾಗ ಮಗ್ಗದ ಮಾಲೀಕರ ಹತ್ತಿರ ವಾರದ ಮಜೂರಿ ಕೊಡಲು ರೊಕ್ಕ ಇರಲಿಲ್ಲ. ಆ ಎರಡು ತಿಂಗಳಲ್ಲಿ ನನ್ನ ವಹಿಗೆ ಹನ್ನೊಂದು ಹೊಸ ಹೆಸರು ಸೇರಿದವು. ಅದನ್ನು ದೇವರ ಆಶೀರ್ವಾದ ಎಂದುಕೊಂಡು ಕ್ರಿಸ್‌ಮಸ್ಸಿಗೆ ಸಭೆಗೆ ದೊಡ್ಡ ಕಾಣಿಕೆಯನ್ನೇ ಕೊಟ್ಟಿದ್ದೆ.

ಆ ಆಯಿಯ ರೇಷನ್ ಕಾರ್ಡು ನನ್ನ ಕಪಾಟಿನಲ್ಲಿತ್ತು. ಅನ್ನಭಾಗ್ಯದ ಅಕ್ಕಿ ಕೊಡುವ ದಿನ ಬೆಳಿಗ್ಗೆ ಬಂದು ಕಾರ್ಡು ಇಸಿದುಕೊಂಡು ಹೋಗಿ, ಸಂಜೆ ತಂದು ಕೊಡುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ ತಾನಾಗಿಯೇ ನಾಲಿಗೆಗೆ ಬಂತು. ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಸಂಗಡ ಒಂದಾಗು ಎನ್ನುವ ಮಾತು. ಅಷ್ಟು ವರ್ಷ ಅದನ್ನು ಜಗಳ ಆಡಿದವರು ರಾಜಿ ಆಗಬೇಕು ಎಂಬ ಅರ್ಥದಲ್ಲಿ ಓದಿಕೊಂಡಿದ್ದೆ. ನನಗೆ ಯಾರ ಜೊತೆಗೂ ಜಗಳ ಇರಲಿಲ್ಲವಲ್ಲ! ಆದರೆ ವಚನದಲ್ಲಿರುವುದು ನನ್ನ ಮನಸ್ಸಿನ ಸಿಟ್ಟಿನ ಮಾತಲ್ಲ, ಇನ್ನೊಬ್ಬನ ಮನಸ್ಸಿನ ನೋವಿನ ಮಾತು. ಕಂಬದ ಹಿಂದೆ ನಿಂತ ಮುದುಕಿ ಕಣ್ಣ ಮುಂದಿಂದ ಸರಿಯಲಿಲ್ಲ. ಎದ್ದು ಅಡುಗೆ ಮನೆಯ ಕತ್ತಲಲ್ಲಿ ಕೂತು ಅತ್ತೆ. ಕರ್ತನೇ ಎಂದೆ, ಮುಂದೆ ಏನು ಕೇಳಬೇಕೋ ತಿಳಿಯಲಿಲ್ಲ.

ಮರುದಿನ ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರಿಗೆ ಕೆಲವೊಂದು ಗೊತ್ತಿತ್ತೋ ಏನೋ, ಆಶ್ಚರ್ಯಪಡಲಿಲ್ಲ. ನನ್ನ ಜೊತೆ ಪ್ರಾರ್ಥನೆ ಮಾಡಿದರು. ಇಷ್ಟಕ್ಕೆ ಮುಗಿಯಿತು, ಇನ್ನು ಮುಂದೆ ಬಡ್ಡಿ ವ್ಯವಹಾರ ಬಿಟ್ಟರೆ ಸಾಕು ಎಂದು ನಾನು ಹಗುರಾಗಿ ಏಳುತ್ತಿದ್ದಾಗ ಕೈ ಹಿಡಿದು ಕೂರಿಸಿದರು.

"ದೇವರ ಮುಂದ ಹೇಳಿದ್ದಾತು. ಅವರ ಮುಂದ ಹೇಳೂದು ಬಾಕಿ ಐತಿ."

"ಅಯ್ಯನವರ, ಎಲ್ಲಾರಿಗೂ ತಿರುಗಿ ಕೊಡಬೇಕಂದ್ರ ನಾ ಮುಳುಗಿ ಹೋಗ್ತೀನ್ರಿ."

ಆಗ ಅವರು ಲೂಕನ ಸುವಾರ್ತೆಯ 19ನೇ ಅಧ್ಯಾಯ ತೆಗೆದರು. ಯೆರಿಕೋ ಊರಿನ ಸುಂಕದ ಜಕ್ಕಾಯ, ಯೇಸುವನ್ನು ನೋಡಲು ಮರ ಹತ್ತಿದ ಗಿಡ್ಡ ಮನುಷ್ಯ. ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೆಲ್ಲ ಮರದ ಕಥೆ ಇಷ್ಟ. ಅಯ್ಯನವರು ಮರದ ಮಾತು ಆಡಲಿಲ್ಲ. "ಯೇಸುಸ್ವಾಮಿ ಅವನ ಮನಿಗೆ ಬರ್ತೀನಿ ಅಂದಿದ್ದು ಮೊದಲು. ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡಿದ್ದಕ್ಕ ನಾಕು ಪಟ್ಟು ವಾಪಸ್ ಅಂತ ಎದ್ದು ನಿಂತಿದ್ದು ಆಮ್ಯಾಲೆ. ಹಂಗಾಗಿ ನೀನು ಹೆದರಿ ಕೊಡಬ್ಯಾಡ. ಕ್ಷಮಾ ಕೊಂಡುಕೊಳ್ಳಾಕ ಕೊಡಬ್ಯಾಡ. ಮನಿಗೆ ಬಂದವರು ಯಾರು ಅನ್ನೂದು ತಿಳಕೊಂಡು ಕೊಡು."

ಆ ಮಾತು ನನ್ನೊಳಗೆ ಇಳಿಯಲು ಬಹಳ ದಿನ ಬೇಕಾಯಿತು. ಪ್ರಾಮಾಣಿಕವಾಗಿ ಹೇಳುತ್ತೇನೆ, ಶುರುವಿನಲ್ಲಿ ನಾನು ಹೆದರಿಯೇ ಕೊಟ್ಟೆ.

ಲೆಕ್ಕ ಮಾಡುವುದು ಸುಲಭವಿರಲಿಲ್ಲ. ವಹಿಯಲ್ಲಿ 43 ಹೆಸರು. ಯಾರಿಂದ ಎಷ್ಟು ಹೆಚ್ಚು ತೆಗೆದುಕೊಂಡೆ ಎಂದು ಹೇಳಬೇಕಾದರೆ ಎಷ್ಟು ಸರಿ ಎಂಬುದು ಮೊದಲು ಗೊತ್ತಾಗಬೇಕಲ್ಲ? ನಮ್ಮ ಸಭೆಯಲ್ಲಿ ನಿವೃತ್ತರಾದ ಗಣಿತದ ಶಿಕ್ಷಕಿ, ನಮ್ಮ ಬಾಯಲ್ಲಿ ಅಕ್ಕೋರು, ಒಬ್ಬರಿದ್ದರು. ಅಯ್ಯನವರು ಅವರ ಮನೆಗೆ ಕಳಿಸಿದರು. ಅಕ್ಕೋರು ನೆಹೆಮೀಯನ ಗ್ರಂಥದ ಐದನೇ ಅಧ್ಯಾಯ ತೋರಿಸಿದರು. ಯೆರೂಸಲೇಮಿನ ಗೋಡೆ ಕಟ್ಟುವ ಕಾಲಕ್ಕೆ ಬಡವರು ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟು, ಮಕ್ಕಳನ್ನೂ ಜೀತಕ್ಕೆ ಬಿಟ್ಟಿದ್ದರು. ನೆಹೆಮೀಯ ಸಿಟ್ಟಾಗಿ, ಅದನ್ನೆಲ್ಲ ಇವತ್ತೇ ತಿರುಗಿ ಕೊಡಿರಿ, ಹಣ ಧಾನ್ಯಗಳ ಮೇಲೆ ತೆಗೆದುಕೊಂಡ ನೂರರಲ್ಲಿ ಒಂದು ಪಾಲನ್ನೂ ಬಿಡಿರಿ ಎಂದು ಸಾಹುಕಾರರಿಗೆ ಹೇಳುತ್ತಾನೆ. ಆ ನೂರರಲ್ಲಿ ಒಂದು ಪಾಲು ತಿಂಗಳಿಗೆ ತೆಗೆದುಕೊಳ್ಳುತ್ತಿದ್ದದ್ದು ಎಂದು ಅರ್ಥ ಹೇಳುವವರಿದ್ದಾರೆ. ಅಂದರೆ ವರ್ಷಕ್ಕೆ ಹನ್ನೆರಡು, ಹೆಚ್ಚುಕಡಿಮೆ ಇವತ್ತಿನ ಬ್ಯಾಂಕಿನ ದರ. ಅಷ್ಟಕ್ಕೇ ನೆಹೆಮೀಯ ಕೆರಳಿದ್ದ. ನನ್ನದು ಅದರ ಹತ್ತು ಪಟ್ಟು.

"ನೂರಕ್ಕ ಒಂದು ನಿನ್ನ ಖರ್ಚಿಗೆ ಇಟಗೋ. ಅದಕ್ಕ ಮೀರಿದ್ದೆಲ್ಲ ಅವರದು," ಎಂದರು ಅಕ್ಕೋರು. ದಿನಾ ಸಂಜೆ ಏಳರಿಂದ ಒಂಬತ್ತು, ಮೂರು ವಾರ ಕೂತೆವು. ಮೊದಲು ತೆಗೆದದ್ದು ಆಯಿಯ ಖಾತೆ. 2015ರ ಜನವರಿಯಲ್ಲಿ ಮಗನ ಆಪರೇಷನ್ನಿಗೆ ಇಪ್ಪತ್ತು ಸಾವಿರ. ಮುಂಗಡ ಬಡ್ಡಿ ಮುರಿದು ಕೈಗೆ ಕೊಟ್ಟದ್ದು 18,000. ಫೆಬ್ರವರಿಯಿಂದ ತಿಂಗಳಿಗೆ ಎರಡು ಸಾವಿರದಂತೆ ಇಪ್ಪತ್ತೈದು ತಿಂಗಳು, ಒಟ್ಟು 50,000 ಕಟ್ಟಿದ್ದಳು. ನನ್ನ ವಹಿಯ ಪ್ರಕಾರ ಅಸಲು ಇಪ್ಪತ್ತು ಸಾವಿರ ಹಾಗೇ ಬಾಕಿ. ಅಕ್ಕೋರು ಕೈಗೆ ಸಿಕ್ಕ ಹಣಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಹಾಕಿ, ಕಟ್ಟಿದ್ದನ್ನು ಪ್ರತಿ ತಿಂಗಳೂ ಕಳೆಯುತ್ತ ಹೋದರು. ಹತ್ತನೇ ತಿಂಗಳಿಗೆ ಸಾಲ ಪೂರ್ತಿ ತೀರಿತ್ತು. ಆ ಮೇಲಿನ ಹದಿನೈದು ತಿಂಗಳು ಅವಳು ಕಟ್ಟಿದ್ದು ಇಲ್ಲದ ಸಾಲಕ್ಕೆ. ತಿರುಗಿ ಕೊಡಬೇಕಾದದ್ದು 31,041 ರೂಪಾಯಿ, ಆ ರವಿವಾರದ ಹದಿನಾಲ್ಕು ನೂರು ಬೇರೆ. ಅಕ್ಕೋರು ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದು ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತರು. ನಾನು ತಲೆ ಎತ್ತಲಿಲ್ಲ.

43 ಜನರಲ್ಲಿ 29 ಮಂದಿಗೆ ನಾನೇ ಕೊಡುವುದಿತ್ತು. ಒಟ್ಟು 8,74,000. ಉಳಿದ 14 ಮಂದಿ ಹೊಸಬರು, ಅಸಲಿನಲ್ಲಿ ಸ್ವಲ್ಪ ಅವರೇ ಕೊಡಬೇಕಿತ್ತು, ಅದನ್ನು ಬಡ್ಡಿಯಿಲ್ಲದೆ ಕಂತಿನಲ್ಲಿ ಕೊಡಲು ಹೇಳುವುದೆಂದಾಯಿತು. "ಜಕ್ಕಾಯ ನಾಕು ಪಟ್ಟು ಅಂದಿದ್ದನಲ್ರಿ ಅಕ್ಕೋರ?" ಎಂದು ಕೇಳಿದೆ. "ಅದು ನಿನ್ನ ಕೈಲಿ ಆಗೂದಿಲ್ಲ. ಉಳಿದ ಮೂರು ಪಾಲು ನಿನ್ನ ವೇಳ್ಯಾದಾಗ ಕೊಡು," ಎಂದರು.

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಮುಳಗುಂದ ನಾಕಾದ ಆಚೆ ಒಂದು ಸೈಟು ಕೊಂಡಿದ್ದೆವು. ಅದನ್ನೇ ಮಾರಬೇಕಿತ್ತು. "ನೀವು ಪಾಪ ಮಾಡಿದ್ರಿ, ನೀವು ಉದ್ಧಾರ ಆಗಾಕ ಹೊಂಟ್ರಿ. ನಡುವ ನನ್ನ ಮಗಳ ಕಾಲೇಜ್ ಏನ್ ಮಾಡಿತ್ತು?" ಅವಳ ಮಾತಿನಲ್ಲಿ ತಪ್ಪೇನಿತ್ತು? ಮಗಳ ಫೀಜಿನ ಹಣ ಬೇರೆ ತೆಗೆದಿಟ್ಟ ಮೇಲೆಯೇ ಸೈಟಿನ ಕಾಗದಕ್ಕೆ ಸಹಿ ಹಾಕಿದಳು. ಆದರೂ ಒಳಗಿನಿಂದ ಒಪ್ಪಿರಲಿಲ್ಲ. ಮೊದಲ ದಿನ ಆಯಿಯ ಮನೆಗೆ ನಾನು ಹೊರಟಾಗ, ಯಾಕೋ ಏನೋ, ಚಪ್ಪಲಿ ಮೆಟ್ಟಿಕೊಂಡು ತಾನೂ ಹಿಂದೆ ಬಂದಳು.

ಆಯಿ ಹೊಸ್ತಿಲ ಹತ್ತಿರ ಕೂತು ಕಂಡಿಕೆ ಸುತ್ತುತ್ತಿದ್ದಳು. ಒಳಗೆ ಮಗನ ಮಗ್ಗದ ಸದ್ದು. ನಮ್ಮನ್ನು ನೋಡಿ ರಾಟಿ ನಿಲ್ಲಿಸಿದಳು. ಬುಧವಾರ ಕಳೆದು ಹೋಗಿತ್ತು, ಉಳಿದ ಆರುನೂರಕ್ಕೇ ಬಂದೆ ಎಂದುಕೊಂಡಳು. ನಾನು ರೇಷನ್ ಕಾರ್ಡನ್ನೂ ಹಣದ ಕವರನ್ನೂ ಮುಂದಿಟ್ಟು, ಲೆಕ್ಕ ಬರೆದ ಹಾಳೆ ಓದಿ ಹೇಳಿ, "ಆಯಿ, ನಾ ನಿಮ್ಮಿಂದ ಸುಲಕೊಂಡೀನಿ. ತಪ್ಪಾತು" ಎಂದೆ. ಅವಳು ಕವರು ಮುಟ್ಟಲಿಲ್ಲ. ಕಾರ್ಡನ್ನು ಮಾತ್ರ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಎದೆಗೆ ಹಿಡಿದುಕೊಂಡಳು. ಮಗ ಮಗ್ಗದಿಂದ ಎದ್ದು ಬಂದು ಅನುಮಾನದಿಂದ ಕೇಳಿದ: "ಯಾವ ಕಾಗದಕ್ಕ ಸಹಿ ಹಾಕಬೇಕ್ರಿ?" ಯಾವುದಕ್ಕೂ ಬೇಡ ಎಂದರೂ ಅವನು ನಂಬಲಿಲ್ಲ. ಕೊನೆಗೆ ನನ್ನ ಹೆಂಡತಿ ಆಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, "ತಗೋರಿ ಆಯಿ, ಇದು ನಿಮ್ಮದ" ಎಂದು ಕವರನ್ನು ಅವಳ ಮಡಿಲಿಗಿಟ್ಟಳು. ಹೊರಗೆ ಬಂದ ಮೇಲೆ ದಾರಿಯಲ್ಲಿ ಇಷ್ಟೇ ಹೇಳಿದಳು: "ನಾಳಿ ಯಾರ ಮನಿ?"

ಎಲ್ಲ ಮನೆಯಲ್ಲೂ ಹೀಗಾಗಲಿಲ್ಲ. ಒಬ್ಬರು ಬಾಗಿಲೇ ತೆರೆಯಲಿಲ್ಲ, ಮೂರನೇ ಸಲ ಹೋದಾಗ ಕಿಟಕಿಯಿಂದ ಹಣ ಇಸಿದುಕೊಂಡರು. ನನ್ನ ಮೇಲೆ ಪೊಲೀಸ್ ಕೇಸಾಗಿದೆ, ಅದಕ್ಕೇ ಹೀಗೆ ಎಂದು ಕೆಲವರು ಮಾತಾಡಿಕೊಂಡರು. ಒಬ್ಬ ಮುಸ್ಲಿಂ ಕಾಕಾ ಹಣ ಎಣಿಸಿಕೊಂಡು, ತಮ್ಮ ದೀನಿನಲ್ಲಿಯೂ ಬಡ್ಡಿ ಹರಾಮು, ತಾನು ಕೊಟ್ಟದ್ದೂ ತಪ್ಪೇ ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು. ಒಬ್ಬ ಹುಡುಗ ಹೊರಗೆ ಕರೆದುಕೊಂಡು ಹೋಗಿ ಕಪಾಳಕ್ಕೆ ಹೊಡೆದ. ಅವನಪ್ಪನ ಬೈಕನ್ನು ಓಣಿಯ ಜನರೆದುರು ಎಳೆದುಕೊಂಡು ಬಂದವನು ನಾನು. ಹೊಡೆಸಿಕೊಂಡು ನಿಂತೆ.

ಎಲ್ಲಕ್ಕಿಂತ ಭಾರವಾದದ್ದು ಇನ್ನೊಂದು ಮನೆ. 22,600 ಕೊಟ್ಟೆ, ತೆಗೆದುಕೊಂಡರು, ಸಿಟ್ಟೂ ಮಾಡಲಿಲ್ಲ. ಹೊರಡುವಾಗ ತಾಯಿ ಹೇಳಿದಳು: "ಇದು ಎರಡು ವರ್ಷದ ಹಿಂದ ಇದ್ದಿದ್ರ ಹುಡಿಗಿ ಸಾಲಿ ಬಿಡತಿರಲಿಲ್ರಿ." ಹತ್ತನೇ ಇಯತ್ತೆಗೆ ಶಾಲೆ ಬಿಟ್ಟ ಆ ಹುಡುಗಿ ಒಳಗೆ ಮಗ್ಗದ ಮುಂದೆ ಕೂತಿದ್ದಳು. ಕ್ಷಮೆ ಸಿಕ್ಕಿದೆ ಎಂದು ನಂಬುವವನು ನಾನು. ಆ ನಂಬಿಕೆ ಇಲ್ಲದಿದ್ದರೆ ಆ ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋಗುವ ಶಕ್ತಿ ಇರುತ್ತಿರಲಿಲ್ಲ. ಆದರೆ ಆ ಹುಡುಗಿಯ ಎರಡು ವರ್ಷ ಹೋದದ್ದು ಹೋಯಿತು. ಈಗಲೂ ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳದೆ ಮಲಗುವುದಿಲ್ಲ.

ಈಸ್ಟರ್ ಏಪ್ರಿಲ್ 16ಕ್ಕೆ ಬಂತು. ಅಷ್ಟರಲ್ಲಿ 21 ಮನೆ ಮುಗಿದಿತ್ತು. ಉಳಿದವರದನ್ನು ಸಂಬಳದಲ್ಲಿ ಉಳಿಸಿ ಕಂತಿನಲ್ಲಿ ಕೊಡಲು 2018ರ ಕೊನೆಯವರೆಗೆ ಹಿಡಿಯಿತು. ಈ ನಡುವೆ ಉಳಿದ ಬಡ್ಡಿ ವ್ಯವಹಾರದವರು ಇಬ್ಬರು ಅಂಗಡಿಗೆ ಬಂದು, ನಮ್ಮ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀ ಎಂದು ಬೆದರಿಸಿ ಹೋದರು. ನನ್ನ ಒಳಗಿನ ಹಳೆಯ ಮನುಷ್ಯನೂ ಸತ್ತಿರಲಿಲ್ಲ. ಜೂನ್ ಬಂದು ಶಾಲೆ ಶುರುವಾದಾಗ ಐದು ಸಾವಿರ, ಹತ್ತು ಸಾವಿರಕ್ಕೆ ಜನ ಅಲೆದಾಡುವುದನ್ನು ನೋಡಿದರೆ ಕೈ ತುರಿಸುತ್ತಿತ್ತು, ಮನಸ್ಸು ತನ್ನಷ್ಟಕ್ಕೆ ತಾನೇ ಬಡ್ಡಿ ಲೆಕ್ಕ ಹಾಕುತ್ತಿತ್ತು. ಆವಾಗೆಲ್ಲ ಅಯ್ಯನವರಿಗೆ ಫೋನ್ ಮಾಡಿ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಿದ್ದೆ.

ಒಂದು ವಿಷಯ ನನಗೆ ಆಗಲೇ ಹೊಳೆಯಿತು. ನಾನು ಬಡ್ಡಿ ಬಿಟ್ಟರೆ ಜನರ ಕಷ್ಟ ನಿಲ್ಲುವುದಿಲ್ಲ, ಅವರು ಇನ್ನೊಬ್ಬನ ಬಾಗಿಲಿಗೆ ಹೋಗುತ್ತಾರೆ. ನಾನೊಬ್ಬ ಒಳ್ಳೆಯವನಾಗಿ ಮನೆಯಲ್ಲಿ ಕೂತರೆ ಓಣಿಗೆ ಏನು ಬಂತು? ಅಕ್ಕೋರು ಹೇಳಿದ ಮೂರು ಪಾಲು ವೇಳೆ ಇಲ್ಲಿ ಕೆಲಸಕ್ಕೆ ಬಂತು. ಗದಗಿನವರಾದ ನಮಗೆ ದೂರ ಹುಡುಕುವುದೇ ಬೇಕಿರಲಿಲ್ಲ. ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದರು. ಏಷ್ಯಾದಲ್ಲೇ ಮೊದಲನೆಯದು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದು ಅದನ್ನೇ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸಲು ಹುಟ್ಟಿದ ಸಂಘ. 2018ರ ಜನವರಿಯಲ್ಲಿ ನಾನು, ಅಕ್ಕೋರು, ಓಣಿಯ ನಾಲ್ಕು ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ಪಾಟೀಲರ ಊರನ್ನು ನೋಡಿಕೊಂಡು ಬಂದೆವು.

ಹನ್ನೆರಡು ಮಂದಿ ಹೆಣ್ಣುಮಕ್ಕಳು ವಾರಕ್ಕೆ ನೂರು ರೂಪಾಯಿ ಹಾಕುವ ಗುಂಪು ಶುರುವಾಯಿತು. ಆಯಿ ಮೊದಲ ನೂರು ಹಾಕಿದಳು. ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ಎಂದು ಅವರೇ ಠರಾವು ಮಾಡಿದರು. ಹನ್ನೆರಡರಲ್ಲಿ ಕ್ರೈಸ್ತರು ಮೂವರು, ಉಳಿದವರು ದೇವಾಂಗದವರು, ಪದ್ಮಶಾಲಿಯವರು, ಒಬ್ಬಳು ಮುಸ್ಲಿಂ ಸೊಸೆ. ಗುಂಪಿನಲ್ಲಿ ಮತದ ಮಾತು ಬರಬಾರದು ಎಂದು ಮೊದಲೇ ಹೇಳಿದವರು ನಮ್ಮ ಅಯ್ಯನವರು. ಹಣ ನನ್ನ ಕೈಯಲ್ಲಿ ಇರಕೂಡದು ಎಂದು ನಾನೇ ಕೇಳಿಕೊಂಡೆ. ಬ್ಯಾಂಕಿನ ಖಾತೆ ಅವರ ಹೆಸರಲ್ಲಿ, ಸಹಿ ಅವರದು. ಫಾರ್ಮು ತುಂಬುವುದು, ಬ್ಯಾಂಕಿಗೆ ಜೊತೆಗೆ ಹೋಗುವುದು, ರವಿವಾರ ಸಂಜೆ ಲೆಕ್ಕ ಓದಿ ಹೇಳುವುದು ನನ್ನ ಕೆಲಸ. ಶಾಲೆ ಬಿಟ್ಟ ಆ ಹುಡುಗಿ ಆರು ತಿಂಗಳಲ್ಲಿ ವಹಿ ಬರೆಯುವುದನ್ನು ನನ್ನಿಂದ ಕಲಿತು, ಆ ಮೇಲೆ ನನ್ನ ತಪ್ಪು ಹಿಡಿಯತೊಡಗಿದಳು. ಹತ್ತನೇ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿದಳು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮಗ್ಗಗಳು ನಿಂತವು. ನೂಲು ಬರಲಿಲ್ಲ, ನೇಯ್ದ ಸೀರೆ ಹೋಗಲಿಲ್ಲ. ನೋಟು ರದ್ದಾದಾಗ ನನ್ನ ಕಟ್ಟೆಯ ಮುಂದೆ ಜನ ನಿಂತದ್ದು ನೆನಪಾಗಿ ನನಗೆ ಕಾಲು ನಡುಗಿದವು. ಆದರೆ ಗುಂಪಿನವರು ಕೂಡಿ ಮನೆಗೆ ಮೂರು ಸಾವಿರದಂತೆ, ಬಡ್ಡಿಯಿಲ್ಲದೆ, ಗುಂಪಿನಲ್ಲಿ ಇಲ್ಲದವರಿಗೂ ಕೊಟ್ಟರು. ಚರ್ಚಿನಿಂದ ಜೋಳ, ಅಕ್ಕಿ ಹಂಚಿದೆವು. ಆ ವರ್ಷ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಮಾರಲಿಲ್ಲ. ಬೇರೆ ಕಡೆ ಗುಜರಿಗೆ ಹೋದವು, ನಾನೇ ನೋಡಿದ್ದೇನೆ.

ಈಗ ಅಂಥವು ನಾಲ್ಕು ಗುಂಪು ಇವೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಾಗ ಟಿವಿಯ ಮುಂದೆ ಕೂತು ಓಣಿಯವರು ಅದರ ಬಗ್ಗೆ ಮಾತಾಡುತ್ತಿದ್ದರು. ಕಪಾಳಕ್ಕೆ ಹೊಡೆದ ಹುಡುಗ ಈಗ ಎರಡು ಮಗ್ಗ ಹಾಕಿದ್ದಾನೆ. ಅವನು ನನ್ನ ಕಡೆ ನೋಡಿ, "ನಿಮಗ ಕಾನೂನು ಬರೂಕಿಂತ ಮೊದಲ ಯಾರೋ ನೋಟೀಸ್ ಕೊಟ್ಟಿದ್ರಲ್ರಿ" ಎಂದ. ಹೌದು ಎಂದೆ.

ಆಯಿ 2021ರಲ್ಲಿ ತೀರಿಕೊಂಡಳು. ಅದಕ್ಕೆ ಮೊದಲು ನಾಲ್ಕು ವರ್ಷ, ತಿಂಗಳ ಮೊದಲ ರವಿವಾರ ನನ್ನ ಮಗ್ಗುಲಲ್ಲೇ ಮೊಣಕಾಲೂರುತ್ತಿದ್ದಳು. ಏಳುವಾಗ ಮೊಣಕಾಲು ಹಿಡಿದುಕೊಂಡು ನನ್ನ ಹೆಗಲ ಮೇಲೆ ಕೈಯಿಡುತ್ತಿದ್ದಳು.

ಹಳೆಯ ವಹಿಯಲ್ಲಿ ಇನ್ನೂ ಒಂದು ಹೆಸರು ಉಳಿದಿದೆ. ನಾನು ಎಟಿಎಂ ಕಾರ್ಡು ಇಟ್ಟುಕೊಂಡಿದ್ದ ನೇಕಾರ, ನನ್ನ ಕಾಟಕ್ಕೆ 2016ರಲ್ಲೇ ಮನೆಗೆ ಬೀಗ ಹಾಕಿ ಹೋದವನು. ಕೊಡಬೇಕಾದದ್ದು 14,200. ಆ ಕವರು ಇಷ್ಟು ವರ್ಷವೂ ಬೈಬಲಿನ ಪಕ್ಕದಲ್ಲಿದೆ. ಹೋದ ತಿಂಗಳು ಅವನ ಭಾವಮೈದುನ ಮದುವೆಯೊಂದರಲ್ಲಿ ಸಿಕ್ಕು, ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಪವರ್‌ಲೂಮಿನ ಮೇಲೆ ಕೆಲಸ ಮಾಡುತ್ತಾನೆ ಎಂದು ಹೇಳಿ, ಸ್ವಲ್ಪ ತಡೆದು, ಓಣಿಯ ಗುರುತನ್ನೂ ಹೇಳಿದ. ಬರುವ ಶನಿವಾರ ರಾತ್ರಿ ಬಸ್ಸಿಗೆ ಎರಡು ಸೀಟು ಮಾಡಿಸಿದ್ದೇನೆ. ಹೆಂಡತಿಯೂ ಬರುತ್ತಾಳೆ.